ಹಳೆಯ ಟ್ರಂಕಿನ ಕಾರ್ಡುಗಳಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನ ಹಳೆಯ ಟ್ರಂಕನ್ನು ಅಟ್ಟದಿಂದ ಇಳಿಸಿದಾಗ ಅದರಲ್ಲಿ ನೂರಾರು ಕಾರ್ಡುಗಳು ಸಿಕ್ಕವು. 2000ನೇ ಇಸವಿಯ ಸುಮಾರಿಗೆ ಅಮೆರಿಕದಲ್ಲಿದ್ದ ನನ್ನ ತಮ್ಮ ಕಳಿಸಿದ್ದ ಪೋಕೆಮಾನ್ ಕಾರ್ಡುಗಳು, ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳು, ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು, ಕೊಪ್ಪಳದ ಜಾತ್ರೆಯಲ್ಲಿ ಈಚೆಗೆ ಮೊಮ್ಮಗ ಕೊಂಡ ಬಂಗಾರದ ಬಣ್ಣದ ಪೋಕೆಮಾನ್ ಕಾರ್ಡುಗಳು ಎಲ್ಲವೂ ಈಗ ಒಟ್ಟಿಗಿವೆ. ಚಾರಿಜಾರ್ಡ್ ಎಂಬ ಹೊಳೆಯುವ ಕಾರ್ಡಿನ ಕೆಳಗೆ 4/102 ಎಂದಿದೆ. ಮಚಾಂಪ್ ಎಂಬ ಇನ್ನೊಂದರ ಮೇಲೆ ‘ಮೊದಲ ಆವೃತ್ತಿ’ಯ ಮುದ್ರೆ ಇದೆ. ರಾಯಚೂರಿನ ಪರಿಚಯದವರೊಬ್ಬರು ಇವು ಲಕ್ಷಗಟ್ಟಲೆ ಬಾಳುತ್ತವೆ ಎನ್ನುತ್ತಾರೆ. ಫೋನಿನಲ್ಲಿ ಸಿಕ್ಕ ಒಬ್ಬರು ಕೊಳ್ಳಲು ಸಿದ್ಧರಿದ್ದು, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುತ್ತಿದ್ದಾರೆ. ಕಾರ್ಡುಗಳನ್ನು ಲ್ಯಾಮಿನೇಶನ್ ಮಾಡಿಸಿಡಬೇಕೆಂದಿದ್ದೇನೆ. ಏನು ಮಾಡಲಿ?
— ಒಬ್ಬ ಓದುಗರು, ಗಂಗಾವತಿ

ಉತ್ತರ: ಮೊದಲು ಎರಡು ತುರ್ತಿನ ಮಾತು. ನೋಂದಣಿ ಶುಲ್ಕವೆಂದು ಯಾರಿಗೂ ಒಂದು ರೂಪಾಯಿಯನ್ನೂ ಕಳಿಸಬೇಡಿ. ಲ್ಯಾಮಿನೇಶನ್ ಅಂಗಡಿಯ ಕಡೆಗೆ ಒಂದು ಕಾರ್ಡನ್ನೂ ಒಯ್ಯಬೇಡಿ. ಬಿಸಿ ರೋಲರಿನಡಿ ಹೋಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಕಾರ್ಡನ್ನು ಮತ್ತೆ ಬಿಡಿಸಲಾಗುವುದಿಲ್ಲ, ಅಂಥದ್ದನ್ನು ಸಂಗ್ರಾಹಕರು ಹಾಳಾದ ಕಾರ್ಡು ಎಂದೇ ಲೆಕ್ಕಿಸುತ್ತಾರೆ. ಇವೆರಡನ್ನು ತಡೆದರೆ ಉಳಿದ ಕೆಲಸಕ್ಕೆ ಅವಸರವಿಲ್ಲ.

ನೀವು ಕೇಳಿರುವುದು ಬೆಲೆಯನ್ನು. ಆದರೆ ಗುರುತು ಹಿಡಿಯದ ಕಾರ್ಡಿಗೆ ಬೆಲೆ ಹೇಳುವುದು ಸಾಧ್ಯವೇ ಇಲ್ಲ, ಹೇಳಿದವರು ಬಾಯಿಗೆ ಬಂದದ್ದನ್ನು ಹೇಳಿರುತ್ತಾರೆ. ನಿಮ್ಮೂರಿನ ಮಾರುಕಟ್ಟೆಗೆ ಭತ್ತದ ಚೀಲ ಬಂದರೆ ವ್ಯಾಪಾರಿಯು ತಳಿ ಯಾವುದು, ತೇವ ಎಷ್ಟು, ಹೊಸದೋ ಹಳೆಯದೋ ಎಂದು ಅಂಗೈಯಲ್ಲಿ ಹಿಡಿದು ನೋಡಿದ ಮೇಲಷ್ಟೇ ದರ ಹೇಳುತ್ತಾನೆ. ಕಾರ್ಡಿನ ವಿಷಯದಲ್ಲೂ ಯಾವ ಸರಣಿ, ಯಾವ ಮುದ್ರಣ, ಅಸಲಿಯೋ ನಕಲಿಯೋ, ಸ್ಥಿತಿ ಹೇಗಿದೆ ಎಂಬುದು ತೀರ್ಮಾನವಾದ ಮೇಲೆಯೇ ಹಣದ ಮಾತು. ನಿಮ್ಮ ಪೆಟ್ಟಿಗೆಯಲ್ಲಿ ಬಹುಪಾಲು ಕಾರ್ಡುಗಳಿಗೆ ನೆನಪಿನ ಬೆಲೆಯಷ್ಟೇ ಇದೆ ಎಂದೂ, ಗಂಭೀರವಾಗಿ ನೋಡಬೇಕಾದದ್ದು ಮುಖ್ಯವಾಗಿ ಆ ಚಾರಿಜಾರ್ಡ್ ಎಂದೂ ನನ್ನ ಅಂದಾಜು. ಆದ್ದರಿಂದ ಅದನ್ನೇ ವಿವರವಾಗಿ ನೋಡೋಣ.

ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳ ಚಿತ್ರವಿರುವ ಈ ಕಾರ್ಡಿನ ಆಟ ಜಪಾನಿನಲ್ಲಿ 1996ರ ಅಕ್ಟೋಬರಿನಲ್ಲಿ ಬಂದಿತು. ಇಂಗ್ಲಿಷ್ ಕಾರ್ಡುಗಳನ್ನು 1999ರ ಜನವರಿಯಿಂದ ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಹೊರತಂದಿತು. ಅದರ ಮೊದಲ ಸರಣಿಯನ್ನು ಬೇಸ್ ಸೆಟ್ ಎನ್ನುತ್ತಾರೆ. ಅದರಲ್ಲಿ 102 ಕಾರ್ಡುಗಳಿವೆ. ನಿಮ್ಮ ಕಾರ್ಡಿನ ಕೆಳಗಿನ ಬಲ ಮೂಲೆಯಲ್ಲಿರುವ 4/102 ಎಂದರೆ ಆ 102ರಲ್ಲಿ ನಾಲ್ಕನೆಯದು ಎಂದರ್ಥ. ಅದರ ಪಕ್ಕದಲ್ಲಿರುವ ಚಿಕ್ಕ ಗುರುತು ವಿರಳತೆಯನ್ನು ಹೇಳುತ್ತದೆ: ವೃತ್ತವಿದ್ದರೆ ಸಾಮಾನ್ಯ, ವಜ್ರಾಕೃತಿ ಇದ್ದರೆ ಅದಕ್ಕಿಂತ ಕಡಿಮೆ ಸಿಗುವಂಥದ್ದು, ನಕ್ಷತ್ರವಿದ್ದರೆ ವಿರಳ. ಚಾರಿಜಾರ್ಡಿಗೆ ನಕ್ಷತ್ರ ಇರಲೇಬೇಕು.

ಆದರೆ ಈ ಸಂಖ್ಯೆಯೊಂದನ್ನೇ ನಂಬಿ ಕೂರಬಾರದು. ಪೋಕೆಮಾನ್‌ಗೆ ಇಪ್ಪತ್ತೈದು ವರ್ಷ ತುಂಬಿದಾಗ 2021ರಲ್ಲಿ ಬಂದ ಸೆಲೆಬ್ರೇಷನ್ಸ್ ಸರಣಿಯಲ್ಲಿ ಇದೇ ಚಾರಿಜಾರ್ಡನ್ನು ಇದೇ 4/102 ಸಂಖ್ಯೆಯೊಂದಿಗೆ ಮರುಮುದ್ರಿಸಿದ್ದಾರೆ. ಅದರಲ್ಲಿ ವಾರ್ಷಿಕೋತ್ಸವದ ಗುರುತು ಇರುತ್ತದೆ ಮತ್ತು ಅಡಿಯ ಹಕ್ಕುಸ್ವಾಮ್ಯದ ಸಾಲಿನಲ್ಲಿ 2021 ಎಂದಿರುತ್ತದೆ. 2016ರ ಎವಲ್ಯೂಷನ್ಸ್ ಸರಣಿಯ ಚಾರಿಜಾರ್ಡ್ ಸಹ ಮೊದಲ ನೋಟಕ್ಕೆ ಹಳೆಯದರಂತೆಯೇ ಕಾಣುತ್ತದೆ, ಆದರೆ ಅದರ ಸಂಖ್ಯೆ 11/108. ನಿಮ್ಮದು 2000ದ ಸುಮಾರಿಗೆ ಬಂದದ್ದು ನಿಜವಾದರೆ ಇವೆರಡೂ ಆಗಿರಲು ಸಾಧ್ಯವಿಲ್ಲ. ಆದರೂ ಮೊಮ್ಮಗನ ಕಾರ್ಡುಗಳು ಅದೇ ಟ್ರಂಕಿನಲ್ಲಿ ಬೆರೆತಿರುವುದರಿಂದ ಆ ಸಾಲನ್ನು ಒಮ್ಮೆ ಓದಿ ಖಚಿತಪಡಿಸಿಕೊಳ್ಳಿ.

ಮುಂದಿನ ಹೆಜ್ಜೆ ಮುದ್ರಣವನ್ನು ತಿಳಿಯುವುದು. ಬೇಸ್ ಸೆಟ್ಟನ್ನು ಹಲವು ಬಾರಿ ಮುದ್ರಿಸಿದ್ದಾರೆ, ಬೆಲೆಯ ಅಂತರವೆಲ್ಲ ಇಲ್ಲಿಯೇ ಅಡಗಿದೆ. ಚಿತ್ರದ ಚೌಕಟ್ಟಿನ ಎಡ ಕೆಳಮೂಲೆಯ ಅಡಿಯಲ್ಲಿ, ಕಪ್ಪು ವೃತ್ತದೊಳಗೆ 1 ಎಂಬ ಅಂಕಿಯೂ ಅದರ ಮೇಲೆ ಕಮಾನಿನಂತೆ ‘ಎಡಿಷನ್’ ಎಂಬ ಪದವೂ ಇದ್ದರೆ ಅದು ಮೊದಲ ಆವೃತ್ತಿ. ಮುದ್ರೆ ಇಲ್ಲದಿದ್ದರೆ ಚೌಕಟ್ಟಿನ ಬಲ ಅಂಚನ್ನು ನೋಡಿ. ಅಲ್ಲಿ ಬೂದುಬಣ್ಣದ ನೆರಳಿನ ಪಟ್ಟಿ ಇಲ್ಲದಿದ್ದರೆ ಅದನ್ನು ಸಂಗ್ರಾಹಕರು ಶ್ಯಾಡೋಲೆಸ್ ಎಂದು ಕರೆಯುತ್ತಾರೆ. ಅದು ಮೊದಲ ಆವೃತ್ತಿಯ ಬೆನ್ನಿಗೇ ಬಂದ, ಕಡಿಮೆ ಸಂಖ್ಯೆಯ ಮುದ್ರಣ. ನೆರಳು ಇದ್ದರೆ ಅದು ಅನ್‌ಲಿಮಿಟೆಡ್ ಎನ್ನುವ ಸಾಮಾನ್ಯ ಮುದ್ರಣ. ಅಡಿಯ ಸಾಲೂ ಇದನ್ನೇ ಹೇಳುತ್ತದೆ: ನಿಂಟೆಂಡೊ ಹೆಸರಿನ ಮುಂಚೆ 1995, 96, 98, 99 ಎಂದು ನಾಲ್ಕು ವರ್ಷಗಳಿದ್ದರೆ ಶ್ಯಾಡೋಲೆಸ್ ಅಥವಾ ಮೊದಲ ಆವೃತ್ತಿ, 1995, 96, 98 ಎಂದು ಮೂರೇ ಇದ್ದರೆ ಸಾಮಾನ್ಯ ಮುದ್ರಣ. ಮೂರನೆಯದಾಗಿ, ಅದೇ ಸಾಲಿನ ಕೊನೆಯಲ್ಲಿ 1999-2000 ಎಂದಿದ್ದರೆ ಅದು ಬ್ರಿಟನ್ನಿನ ಮಾರುಕಟ್ಟೆಗೆಂದು ತಡವಾಗಿ ಮುದ್ರಿಸಿದ್ದು.

ಪತ್ರದಲ್ಲಿ ಮಚಾಂಪಿನ ಮುದ್ರೆಯನ್ನು ಗುರುತಿಸಿರುವ ನೀವು ಚಾರಿಜಾರ್ಡಿನಲ್ಲಿ ಅಂಥದ್ದಿದೆ ಎಂದು ಬರೆದಿಲ್ಲ. ಹಾಗಾಗಿ ಅದು ಮೊದಲ ಆವೃತ್ತಿಯಲ್ಲ ಎಂದೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಪರಿಚಯದವರು ಹೇಳುವ ಲಕ್ಷಗಳ ಮೂಲ ಎಲ್ಲಿದೆಯೆಂದು ಇದರಿಂದ ಊಹಿಸಬಹುದು. ಮೊದಲ ಆವೃತ್ತಿಯ, ಕಾರ್ಡಿನ ಸ್ಥಿತಿಯನ್ನು ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಪಿಎಸ್‌ಎ ಸಂಸ್ಥೆ ಹತ್ತಕ್ಕೆ ಹತ್ತು ಕೊಟ್ಟ ಒಂದು ಚಾರಿಜಾರ್ಡ್ 2022ರ ಮಾರ್ಚಿನಲ್ಲಿ 4,20,000 ಡಾಲರಿಗೆ ಹರಾಜಾಯಿತು, ಆ ಸುದ್ದಿ ಎಲ್ಲೆಡೆ ಹರಡಿತು. ಆ ಸುದ್ದಿ ಸುಳ್ಳಲ್ಲ. ಆದರೆ ಅಲ್ಲಿ ಮಾರಾಟವಾದದ್ದು ಮುದ್ರೆಯುಳ್ಳ ಮುದ್ರಣ, ಅದೂ ದೋಷವೇ ಇಲ್ಲದ ಸ್ಥಿತಿಯಲ್ಲಿ. ಚಿತ್ರ ಒಂದೇ ಎಂಬ ಕಾರಣಕ್ಕೆ ಅದರ ಬೆಲೆಯನ್ನು ಸಾಮಾನ್ಯ ಮುದ್ರಣದ, ಮಕ್ಕಳು ಆಡಿದ ಕಾರ್ಡಿಗೆ ಹಚ್ಚಲಾಗದು. ಹಾಗೆಂದು ನಿಮ್ಮದು ತಳ್ಳಿಹಾಕುವಂಥದ್ದೂ ಅಲ್ಲ. ಬೇಸ್ ಸೆಟ್ಟಿನ ಸಾಮಾನ್ಯ ಮುದ್ರಣದ ಕಾರ್ಡುಗಳಲ್ಲಿ ಸವೆದಿದ್ದರೂ ಕೊಳ್ಳುವವರು ಸದಾ ಇರುವ ಕಾರ್ಡು ಎಂದರೆ ಇದೇ.

ಮಚಾಂಪಿನ ವಿಷಯದಲ್ಲಿ ನಿಮಗೆ ನಿರಾಸೆಯಾಗಬಹುದು. 8/102 ಸಂಖ್ಯೆಯ ಮಚಾಂಪ್ ಬಿಡಿ ಪೊಟ್ಟಣಗಳಲ್ಲಿ ಬರುತ್ತಿರಲಿಲ್ಲ. ಇಬ್ಬರು ಆಡುವ ಆರಂಭಿಕ ಪೆಟ್ಟಿಗೆಯಲ್ಲಿ ಪ್ರತಿಯೊಬ್ಬ ಕೊಳ್ಳುಗನಿಗೂ ಒಂದೊಂದು ಸಿಗುತ್ತಿತ್ತು, ಮತ್ತು ಆ ಪೆಟ್ಟಿಗೆಗಳನ್ನು ಮತ್ತೆ ಮತ್ತೆ ಮುದ್ರಿಸಿದಾಗಲೂ ಬಹುತೇಕ ಮೊದಲ ಆವೃತ್ತಿಯ ಮುದ್ರೆಯನ್ನು ಹಾಗೆಯೇ ಉಳಿಸಿದರು. ಆದ್ದರಿಂದ ಬೇಸ್ ಸೆಟ್ಟಿನ ಉಳಿದ ಕಾರ್ಡುಗಳಲ್ಲಿ ಬಹುಮುಖ್ಯವಾದ ಆ ಮುದ್ರೆಗೆ ಮಚಾಂಪಿನಲ್ಲಿ ಹೆಚ್ಚಿನ ತೂಕವಿಲ್ಲ. ಇದನ್ನು ತಿಳಿಯದೆ ದೊಡ್ಡ ಬೆಲೆ ಕೊಟ್ಟು ಕೊಂಡವರು ಬಹಳ ಮಂದಿ.

ಇನ್ನು ಅಸಲಿ ನಕಲಿಯ ಪರೀಕ್ಷೆ. ಇದನ್ನು ಮನೆಯಲ್ಲೇ ಮಾಡಬಹುದು, ಏಕೆಂದರೆ ಹೋಲಿಸಿ ನೋಡಲು ಬೇಕಾದ ವಸ್ತು ನಿಮ್ಮ ಟ್ರಂಕಿನಲ್ಲೇ ಇದೆ: ನಿಮ್ಮ ತಮ್ಮ ಕಳಿಸಿದ್ದ ಅದೇ ಸರಣಿಯ, ವೃತ್ತದ ಗುರುತಿನ ಅಗ್ಗದ ಕಾರ್ಡುಗಳು. ಅಗ್ಗದವನ್ನು ನಕಲು ಮಾಡುವವರು ಕಡಿಮೆ. ಅಂಥ ಒಂದನ್ನು ಮತ್ತು ಚಾರಿಜಾರ್ಡನ್ನು ಪಕ್ಕಪಕ್ಕದಲ್ಲಿಟ್ಟು ಮೊದಲು ಬೆನ್ನು ನೋಡಿ; ನೀಲಿ ಬಣ್ಣ ಒಂದೇ ತೆರನಾಗಿರಬೇಕು, ಒಂದು ನೇರಳೆಗೆ ತಿರುಗಿದ್ದರೆ ಸಂಶಯಪಡಿ. ಆಮೇಲೆ ಕತ್ತಲ ಕೋಣೆಯಲ್ಲಿ ಫೋನಿನ ಟಾರ್ಚನ್ನು ಒಂದೊಂದರ ಹಿಂದೆ ಹಿಡಿಯಿರಿ. ಅಸಲಿ ಕಾರ್ಡಿನ ಎರಡು ಕಾಗದದ ಪದರಗಳ ನಡುವೆ ಬೆಳಕನ್ನು ತಡೆಯುವ ಕಪ್ಪು ಪದರವೊಂದಿರುತ್ತದೆ. ನಕಲಿಯ ಮೂಲಕ ಬೆಳಕು ಧಾರಾಳವಾಗಿ ತೂರಿ ಬರುತ್ತದೆ. ಹೊಳಪಿನ ಹಾಳೆಯಿರುವ ಕಾರ್ಡು ಬೆಳಕನ್ನು ಇನ್ನಷ್ಟು ತಡೆಯುವುದರಿಂದ ಟಾರ್ಚಿನ ಪರೀಕ್ಷೆಯಲ್ಲಿ ಮಾತ್ರ ಹೊಳಪಿನದನ್ನು ಹೊಳಪಿನದಕ್ಕೇ ಹೋಲಿಸಬೇಕು. ಕೊನೆಯದಾಗಿ ಅಂಚನ್ನು ನೋಡಿ. ಚಿನ್ನದಂಗಡಿಯವರ ಬಳಿ ಇರುವ ಹತ್ತು ಪಟ್ಟು ಹಿಗ್ಗಿಸುವ ಕನ್ನಡಿಯನ್ನು ಕೇಳಿ ಪಡೆದರೆ, ಅಸಲಿಯ ಅಂಚಿನ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತದೆ. ಅದೇ ಕನ್ನಡಿಯಡಿ ಅಕ್ಷರಗಳನ್ನು ನೋಡಿ: ಅಸಲಿಯಲ್ಲಿ ಚಿತ್ರವು ಬಣ್ಣದ ಚುಕ್ಕೆಗಳ ಹೂವಿನಾಕಾರದ ಜೋಡಣೆಯಾಗಿ ಕಂಡರೂ ಕಪ್ಪು ಅಕ್ಷರಗಳು ತುಂಬಿದ ಮಸಿಯಲ್ಲಿ ಚೂಪಾದ ಅಂಚುಗಳೊಂದಿಗೆ ನಿಂತಿರುತ್ತವೆ. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿಯಲ್ಲಿ ಅಕ್ಷರಗಳೂ ಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತವೆ. ಪರೀಕ್ಷೆಯ ಹೆಸರಿನಲ್ಲಿ ಕಾರ್ಡನ್ನು ಬಗ್ಗಿಸಿ ನೋಡುವ, ಮೂಲೆ ಹರಿದು ನೋಡುವ ಪದ್ಧತಿಯೊಂದಿದೆ. ಅದನ್ನು ದಯವಿಟ್ಟು ಯಾರಿಗೂ ಮಾಡಗೊಡಬೇಡಿ.

ಅಳತೆಯನ್ನೂ ತೆಗೆದುಕೊಳ್ಳಿ. ಪೋಕೆಮಾನ್ ಕಾರ್ಡು 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಎತ್ತರ ಇರುತ್ತದೆ. ಸವೆದ ಅಂಚನ್ನು ಕತ್ತರಿಸಿ ಚೊಕ್ಕಗೊಳಿಸುವ ಚಾಳಿ ಈ ಕ್ಷೇತ್ರದಲ್ಲಿ ಹಳೆಯದು, ಅದರ ಅತಿ ದೊಡ್ಡ ಉದಾಹರಣೆ ಜಗತ್ತಿನ ಅತಿ ಪ್ರಸಿದ್ಧ ಕಾರ್ಡಿನಲ್ಲೇ ಇದೆ. 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಬಂದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಕಾರ್ಡು ಬಹಳ ವಿರಳ. ಅದರ ಒಂದು ಪ್ರತಿ ಪಿಎಸ್‌ಎ ದರ್ಜೆ ಕೊಟ್ಟ ಮೊದಲ ಕಾರ್ಡು ಎಂದು ಹೆಸರಾಗಿತ್ತು. ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಆದ್ದರಿಂದ ಕೊಳ್ಳುವಾಗಲೂ ಮಾರುವಾಗಲೂ ಅಳತೆಪಟ್ಟಿ ಕೈಯಲ್ಲಿರಲಿ, ಕತ್ತರಿ ದೂರವಿರಲಿ.

ಸ್ಥಿತಿಯನ್ನು ನಾಲ್ಕು ಕಡೆ ನೋಡುತ್ತಾರೆ: ಚಿತ್ರವು ಅಂಚುಗಳ ನಡುವೆ ಸರಿಯಾಗಿ ಕೂತಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೇಲ್ಮೈಯಲ್ಲಿ ಗೀರುಗಳಿವೆಯೇ. ಬೆನ್ನಿನ ನೀಲಿ ಅಂಚಿನಲ್ಲಿ ಬಿಳಿ ಚುಕ್ಕೆಗಳು ಕಂಡರೆ ಅದು ಸವೆತ. ಮುಂಬದಿಯ ಗೀರುಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಕಾರ್ಡನ್ನು ನಿಧಾನವಾಗಿ ತಿರುಗಿಸಬೇಕು. ನಾನು ನೋಡಿದ ಈ ಭಾಗದ ಸಂಗ್ರಹಗಳಲ್ಲಿ ಹೆಚ್ಚು ಹಾನಿ ಮಾಡಿರುವುದು ರಬ್ಬರ್ ಬ್ಯಾಂಡು. ಅದು ಕಟ್ಟಿನ ಮೇಲಿನ ಮತ್ತು ಕೆಳಗಿನ ಕಾರ್ಡಿನ ಅಂಚಿನಲ್ಲಿ ಕಚ್ಚು ಬೀಳಿಸುತ್ತದೆ, ವರ್ಷಗಳು ಕಳೆದ ಮೇಲೆ ಬಿಸಿಲಿಗೆ ಕರಗಿ ಅಂಟಿಕೊಂಡುಬಿಡುತ್ತದೆ. ಮಕ್ಕಳು ಸಹಜವಾಗಿಯೇ ತಮ್ಮ ಅತಿ ಪ್ರೀತಿಯ ಕಾರ್ಡನ್ನು ಎಲ್ಲಕ್ಕಿಂತ ಮೇಲೆ ಇಟ್ಟಿರುತ್ತಾರೆ, ಹಾಗಾಗಿ ಹಾಳಾಗುವುದೂ ಅದೇ.

ಕ್ರಿಕೆಟ್ ಕಾರ್ಡುಗಳಿಗೆ ಬರೋಣ. ಇವುಗಳ ಮೇಲೆ ಬಹಳ ಸಲ ವರ್ಷವೇ ಇರುವುದಿಲ್ಲ, ಸರಣಿಗಳ ಪೂರ್ಣ ಪಟ್ಟಿಯೂ ಸುಲಭಕ್ಕೆ ಸಿಗದು. ಆದರೆ ಅಂಕಿಅಂಶಗಳನ್ನು ಮುದ್ರಿಸಿದ್ದರೆ ಕಾಲವನ್ನು ಅವುಗಳಿಂದಲೇ ಕಟ್ಟಿಹಾಕಬಹುದು, ನನಗಂತೂ ಈ ಹವ್ಯಾಸದಲ್ಲಿ ಅತಿ ಇಷ್ಟವಾದ ಕೆಲಸ ಇದೇ. ನಮ್ಮ ಅನಿಲ್ ಕುಂಬ್ಳೆ ಅವರ ಕಾರ್ಡು ಸಿಕ್ಕಿತೆಂದುಕೊಳ್ಳಿ. ಏಕದಿನ ಪಂದ್ಯದ ಶ್ರೇಷ್ಠ ಸಾಧನೆ 12 ರನ್ನಿಗೆ 6 ವಿಕೆಟ್ ಎಂದಿದ್ದರೆ ಆ ಕಾರ್ಡು 1993ರ ನವೆಂಬರಿನ ಹೀರೋ ಕಪ್ ಫೈನಲ್ ಆದ ಮೇಲೆ ಮುದ್ರಣವಾದದ್ದು. ಟೆಸ್ಟಿನ ಶ್ರೇಷ್ಠ ಸಾಧನೆ 74ಕ್ಕೆ 10 ಎಂದಿದ್ದರೆ 1999ರ ಫೆಬ್ರವರಿಯ ದೆಹಲಿ ಟೆಸ್ಟಿನ ನಂತರದ್ದು, ಅದಕ್ಕಿಂತ ಕಡಿಮೆ ಇದ್ದರೆ ಅದರ ಹಿಂದಿನದು. ಸಚಿನ್ ತೆಂಡೂಲ್ಕರ್ ಅವರ ಕಾರ್ಡಿನಲ್ಲಿ ಏಕದಿನ ಶತಕಗಳು ಸೊನ್ನೆ ಎಂದಿದ್ದರೆ ಅದು 1994ರ ಸೆಪ್ಟೆಂಬರಿಗಿಂತ ಹಿಂದಿನದು, ಏಕೆಂದರೆ ಅವರ ಮೊದಲ ಏಕದಿನ ಶತಕ ಬಂದದ್ದು ಆ ತಿಂಗಳು ಕೊಲಂಬೊದಲ್ಲಿ. ಗರಿಷ್ಠ ಮೊತ್ತ ಔಟಾಗದೆ 186 ಎಂದಿದ್ದರೆ 1999ರ ನವೆಂಬರಿಗೂ 2010ರ ಫೆಬ್ರವರಿಗೂ ನಡುವಿನದು. ರಾಹುಲ್ ದ್ರಾವಿಡ್ ಟೆಸ್ಟ್ ಆಟಗಾರರಾಗಿ ಕಂಡರೆ 1996ರ ಜೂನ್ ತಿಂಗಳ ಲಾರ್ಡ್ಸ್ ಪಂದ್ಯದ ನಂತರದ್ದು. ಹೀಗೆ ಒಂದು ಕಟ್ಟಿನ ನಾಲ್ಕೈದು ಆಟಗಾರರನ್ನು ಜೋಡಿಸಿ ನೋಡಿದರೆ ಇಡೀ ಸರಣಿಯ ವರ್ಷ ಹೆಚ್ಚುಕಡಿಮೆ ನಿಂತುಬಿಡುತ್ತದೆ.

ಇವುಗಳನ್ನು ಕೊಳ್ಳುವವರು ಹೆಚ್ಚಾಗಿ ಭಾರತದ ಸಂಗ್ರಾಹಕರೇ, ಅವರ ಸಂಖ್ಯೆಯೂ ಚಿಕ್ಕದು. ಬಿಡಿ ಕಾರ್ಡಿಗಿಂತ ಪೂರ್ಣ ಸರಣಿಗೆ, ಅದರಲ್ಲೂ ಆಟಗಾರನ ಆರಂಭದ ವರ್ಷಗಳ ಕಾರ್ಡಿಗೆ ಬೇಡಿಕೆ. ಆದ್ದರಿಂದ ಒಂದೇ ಸರಣಿಯವನ್ನು ಬೇರೆ ಮಾಡಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಯಾವುವು ಕಡಿಮೆಯಿವೆ ಎಂದು ಬರೆದಿಡಿ. ಒಬ್ಬೊಬ್ಬ ಆಟಗಾರನ ಕಾರ್ಡನ್ನು ಹೆಕ್ಕಿ ಕೊಟ್ಟುಬಿಟ್ಟರೆ ಉಳಿದ ಕಟ್ಟಿಗೆ ಗಿರಾಕಿ ಸಿಗುವುದಿಲ್ಲ.

ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂದಿದ್ದರೆ ಆ ವಿನ್ಯಾಸ 2002ರ ಮೇ ತಿಂಗಳಿಗಿಂತ ಹಿಂದಿನದು, ಏಕೆಂದರೆ ಆಗ ಸಂಸ್ಥೆಯ ಹೆಸರು ಡಬ್ಲ್ಯುಡಬ್ಲ್ಯುಇ ಎಂದಾಯಿತು. ನಮ್ಮ ಪೇಟೆಯ ಬಹುಪಾಲು ಇಂಥ ಕಾರ್ಡುಗಳಲ್ಲಿ ಮುದ್ರಿಸಿದವರ ಹೆಸರೂ ಹಕ್ಕುಸ್ವಾಮ್ಯದ ಸಾಲೂ ಇಲ್ಲ, ಅಂಥವಕ್ಕೆ ಹೊರಗಿನ ಮಾರುಕಟ್ಟೆ ಇಲ್ಲ. ಜಾತ್ರೆಯ ಬಂಗಾರದ ಬಣ್ಣದವು ಪ್ಲಾಸ್ಟಿಕ್ಕಿನ ಮೇಲೆ ಹೊಳಪಿನ ಹಾಳೆ ಅಂಟಿಸಿದ ಆಟಿಕೆಗಳು. ಮೊಮ್ಮಗ ಅವುಗಳಲ್ಲಿ ಆಡಿಕೊಳ್ಳಲಿ, ಹಳೆಯ ಕಾರ್ಡುಗಳ ಜೊತೆ ಮಾತ್ರ ಬೆರೆಸಬೇಡಿ.

ಈಗ ಹಣದ ಲೆಕ್ಕ. ಜಾಲತಾಣದಲ್ಲಿ ಮಾರುವವರು ಬರೆದಿರುವ ಬೆಲೆ ಅವರ ಆಸೆಯಷ್ಟೇ. ಅದನ್ನು ನೋಡಿ ಲೆಕ್ಕ ಹಾಕಬೇಡಿ. ಇಬೇ ಎಂಬ ಅಮೆರಿಕದ ಮಾರಾಟ ಜಾಲತಾಣದಲ್ಲಿ ಹುಡುಕಿದ ಮೇಲೆ ಮಾರಾಟವಾಗಿ ಮುಗಿದವನ್ನು ಮಾತ್ರ ತೋರಿಸುವ ಆಯ್ಕೆಯಿದೆ. ಅದನ್ನು ಒತ್ತಿ, ಅದೇ ಸರಣಿ, ಅದೇ ಸಂಖ್ಯೆ, ಅದೇ ಮುದ್ರಣ, ಅದೇ ಭಾಷೆ, ನಿಮ್ಮದರಷ್ಟೇ ಸವೆದ ಕಾರ್ಡುಗಳು ಈಚಿನ ತಿಂಗಳುಗಳಲ್ಲಿ ಎಷ್ಟಕ್ಕೆ ಹೋಗಿವೆ ಎಂದು ಹತ್ತಾರನ್ನು ಬರೆದುಕೊಳ್ಳಿ. ತೀರ ಮೇಲಿನವನ್ನೂ ತೀರ ಕೆಳಗಿನವನ್ನೂ ಬಿಟ್ಟು ನಡುವಿನ ಮೊತ್ತವನ್ನು ಹಿಡಿಯಿರಿ. ಪಿಎಸ್‌ಎಯಂಥ ಸಂಸ್ಥೆ ದರ್ಜೆ ಕೊಟ್ಟು ಪೆಟ್ಟಿಗೆಯಲ್ಲಿ ಮುಚ್ಚಿದ ಕಾರ್ಡಿನ ಬೆಲೆಯನ್ನು ಬಿಡಿ ಕಾರ್ಡಿಗೆ ಹೋಲಿಸಬೇಡಿ. ಆ ನಡುವಿನ ಮೊತ್ತ ಕೂಡ ಕೊಳ್ಳುಗ ಅಲ್ಲಿ ಕೊಟ್ಟದ್ದೇ ಹೊರತು ಗಂಗಾವತಿಯಲ್ಲಿ ನಿಮ್ಮ ಕೈಗೆ ಬರುವ ಮೊತ್ತವಲ್ಲ. ಜಾಲತಾಣದ ಕಮಿಷನ್, ಅಂಚೆ, ವಿಮೆ, ಕೊಳ್ಳುಗನ ದೇಶದ ಸುಂಕ ಎಲ್ಲ ಅದರಲ್ಲಿ ಕಳೆಯಬೇಕು. ಬೆಂಗಳೂರಿನ ವ್ಯಾಪಾರಿಯೊಬ್ಬರು ಅದಕ್ಕಿಂತ ಸಾಕಷ್ಟು ಕಡಿಮೆ ಹೇಳಿದರೆ ಅದು ಮೋಸವೆಂದು ತಿಳಿಯಬೇಕಾಗಿಲ್ಲ. ಅವರು ಅದನ್ನು ಮತ್ತೆ ಮಾರಬೇಕು, ಅಲ್ಲಿಯವರೆಗೆ ಬಂಡವಾಳ ಹೂಡಿರಬೇಕು.

ಶುಲ್ಕ ಕೇಳಿದವರ ಬಗ್ಗೆ ಇನ್ನೊಂದು ಮಾತು. ಹಳೆಯ ನಾಣ್ಯ ಮತ್ತು ನೋಟುಗಳನ್ನು ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆ, ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತ್ತು. ಕಾರ್ಡುಗಳ ಹೆಸರಿನಲ್ಲಿ ನಡೆಯುವುದೂ ಅದೇ ತಂತ್ರ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನೂ ನೆನಪಿಡಿ.

ಸಂರಕ್ಷಣೆಗೆ ದೊಡ್ಡ ಖರ್ಚಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುತ್ತದೆ; ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನೊಳಗೆ ಅದಕ್ಕಿಂತ ಹೆಚ್ಚು. ಹೊಳಪಿನ ಕಾರ್ಡಿನ ಒಂದು ಬದಿ ತೇವ ಹೀರದ ಹಾಳೆ, ಇನ್ನೊಂದು ಬದಿ ತೇವ ಹೀರುವ ಕಾಗದ. ಬೇಸಿಗೆಯಲ್ಲಿ ಕಾಗದ ಒಣಗಿ ಕುಗ್ಗಿದಾಗ, ಮಳೆಗಾಲದಲ್ಲಿ ಹಿಗ್ಗಿದಾಗ ಕಾರ್ಡು ಬಾಗುತ್ತದೆ. ಆದ್ದರಿಂದ ಮನೆಯ ಒಳಕೋಣೆಯ ಬೀರುವಿನ ಕೆಳಗಿನ ಖಾನೆಗೆ ಸ್ಥಳಾಂತರಿಸಿ. ಒಂದೊಂದನ್ನೂ ಪಿವಿಸಿ ಅಲ್ಲದ, ಪಾಲಿಪ್ರೊಪಿಲೀನ್ ತೆಳುಚೀಲದಲ್ಲಿಡಿ. ಹಳೆಯ ಫೋಟೊ ಆಲ್ಬಮ್ಮಿನ ಮೆತ್ತನೆಯ ಪಿವಿಸಿ ಹಾಳೆಗಳು ಕಾಲಕ್ರಮದಲ್ಲಿ ಅಂಟಂಟಾಗಿ ಮುದ್ರಣವನ್ನೇ ಎಳೆದುಕೊಳ್ಳುತ್ತವೆ. ನುಸಿಗುಳಿಗೆ ಹಾಕಬೇಡಿ. ಧೂಳಿದ್ದರೆ ಮೆತ್ತನೆಯ ಒಣ ಕುಂಚದಿಂದ ಒಮ್ಮೆ ಸವರಿ ಬಿಡಿ, ನೀರು ಅಥವಾ ಸ್ಪಿರಿಟ್ ಮುಟ್ಟಿಸಬೇಡಿ.

ಚಾರಿಜಾರ್ಡನ್ನು ಪಿಎಸ್‌ಎಯಂಥ ಸಂಸ್ಥೆಗೆ ಕಳಿಸಿ ದರ್ಜೆ ಪಡೆಯಬೇಕೇ ಎಂಬುದು ಅದರ ಬೆನ್ನನ್ನು ನೋಡಿದ ಮೇಲೆ ತೀರ್ಮಾನವಾಗಲಿ. ನೀಲಿ ಅಂಚಿನಲ್ಲಿ ಬಿಳಿ ಚುಕ್ಕೆಗಳು ಹೆಚ್ಚಿದ್ದು ಮುಂಬದಿಯ ಹೊಳಪಿನ ಮೇಲೆ ಗೀರುಗಳಿದ್ದರೆ ಅಮೆರಿಕಕ್ಕೆ ಹೋಗಿಬರುವ ಖರ್ಚು ಸಿಗುವ ಲಾಭವನ್ನು ತಿಂದುಹಾಕುತ್ತದೆ. ಅಂಥದ್ದನ್ನು ಹಾಗೆಯೇ ಮಾರುವುದು ಅಥವಾ ಇಟ್ಟುಕೊಳ್ಳುವುದು ಲೇಸು. ಕಾರ್ಡು ಶ್ಯಾಡೋಲೆಸ್ ಎಂದು ಕಂಡುಬಂದರೆ, ಇಲ್ಲವೇ ಅಂಚು ಮತ್ತು ಮೂಲೆಗಳು ಚೊಕ್ಕವಾಗಿದ್ದರೆ ಕಳಿಸುವ ಯೋಚನೆ ಮಾಡಬಹುದು. ಇವೆಲ್ಲ ನಿಮ್ಮ ಮಗನ ಕಾರ್ಡುಗಳಾದ್ದರಿಂದ ಯಾವುದೇ ನಿರ್ಧಾರಕ್ಕೂ ಮೊದಲು ಅವರನ್ನು ಕೇಳಿ. ಯಾವುದು ಪೊಟ್ಟಣದಲ್ಲಿ ಬಂತು, ಯಾವುದು ಗೆಳೆಯರೊಂದಿಗೆ ಬದಲಾಯಿಸಿಕೊಂಡದ್ದು ಎಂದು ಅವರಿಗೆ ನೆನಪಿದ್ದರೆ ಗುರುತು ಹಿಡಿಯಲೂ ಅದು ನೆರವಾಗುತ್ತದೆ. ಆಮೇಲೆ ಕಾರ್ಡಿನ ಎರಡೂ ಬದಿ, ನಾಲ್ಕು ಮೂಲೆ ಮತ್ತು ಅಡಿಯ ಸಾಲಿನ ಚಿತ್ರಗಳನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದು ಕಳಿಸಿದರೆ ಮುದ್ರಣ ಯಾವುದೆಂಬುದನ್ನು ಖಚಿತವಾಗಿ ತಿಳಿಸುತ್ತೇನೆ.